ಪಂಚಿಯ ಕೊರಳಿನ ಗಾಯ

ಓದುಗರಲ್ಲಿ ಮೊದಲೇ ಕ್ಷಮೆ ಕೋರುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬರವಣಿಗೆಯ ಶಿಸ್ತನ್ನು ತಿದ್ದಿ ಹೇಳುವ ಹಿರಿಯರು ಮನೆಯಲ್ಲಿ ಇರಲಿಲ್ಲ. ಈಗ ಮುದ್ದೇಬಿಹಾಳದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರೂ, ಒಂದು ವಾಕ್ಯ ಬರೆದು ಅದನ್ನು ಮತ್ತೆ ಮತ್ತೆ ಓದಿದ ಮೇಲೂ ಎಲ್ಲೋ ತಪ್ಪಿದೆ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ. ನೆನಪುಗಳ ಹಿಂದುಮುಂದು ಆಗಿರಬಹುದು. ಹಿರಿಯರ ಮಾತನ್ನು ಅವರು ಆಡಿದಂತೆಯೇ ಬರೆದಿರುವುದು ಕೆಲವರಿಗೆ ಒರಟೆನಿಸಬಹುದು. ಬದುಕಿನ ಕಥೆಯಲ್ಲಿ ಒಂದು ಇಡೀ ಅಧ್ಯಾಯವನ್ನು ಬೆಕ್ಕಿನ ಹುಣ್ಣಿಗೆ ಮೀಸಲಿಡುವುದು ಉಚಿತವೇ ಎಂದು ನಾನೂ ಬಹಳ ಯೋಚಿಸಿದೆ. ಆದರೆ ಏನನ್ನಾದರೂ ಕಣ್ಣು ಕೀಳದೆ ನೋಡುವುದನ್ನು ನಾನು ಕಲಿತದ್ದು ಆ ಬೇಸಿಗೆಯಲ್ಲಿ, ಆ ಹುಣ್ಣಿನ ಎದುರಿನಲ್ಲಿ. ಅದನ್ನು ಬಿಟ್ಟು ಉಳಿದುದನ್ನು ಬರೆದರೆ ನನ್ನ ಬಾಲ್ಯವನ್ನು ಬರೆದಂತಾಗುವುದಿಲ್ಲ.

ನಮ್ಮ ಊರು ವಿಜಯಪುರ ಜಿಲ್ಲೆಯ ಗೊಳಸಂಗಿಯಿಂದ ಸ್ವಲ್ಪ ಒಳಗೆ, ಎರೆಹೊಲಗಳ ನಡುವೆ ಇದೆ. ಮನೆ ಕಲ್ಲು ಮಣ್ಣಿನದು. ಮೇಲೆ ಮಣ್ಣಿನ ಮಾಳಿಗೆ. ತಲಬಾಗಿಲು ದಾಟಿದರೆ ಒಂದು ಪಕ್ಕಕ್ಕೆ ಎತ್ತು, ಎಮ್ಮೆ ಕಟ್ಟುವ ಅಂಕಣ, ಇನ್ನೊಂದು ಪಕ್ಕಕ್ಕೆ ಮೊಣಕಾಲೆತ್ತರದ ಪಡಸಾಲೆ. ದನಗಳೂ ನಾವೂ ಒಂದೇ ಸೂರಿನ ಕೆಳಗೆ, ಅವು ಮೆಲುಕು ಹಾಕುವುದು ನಮಗೆ ಕೇಳುವಷ್ಟು ಹತ್ತಿರದಲ್ಲಿ ಇದ್ದೆವು. ಪಡಸಾಲೆಯ ಹಿಂದೆ ನಡುಮನೆ, ಅಲ್ಲಿ ದೇವರ ಜಗಲಿ. ಅದರಾಚೆ ಹೊಗೆಯಿಂದ ಕಪ್ಪಾದ ಅಡುಗೆಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟಿದ್ದ ಒಂದು ಬೆಳಕಿಂಡಿಯೇ ಆ ಕೋಣೆಯ ಹಗಲು. ಬೆಳಿಗ್ಗೆ ಅದರಿಂದ ಇಳಿಯುವ ಬಿಸಿಲಿನ ಕೋಲು ಮೊದಲು ಗೋಡೆಯ ಮೇಲೆ, ನಂತರ ಜಗಲಿಯ ಮುಂದಿನ ನೆಲದ ಮೇಲೆ ಬೀಳುತ್ತಿತ್ತು. ಉಳಿದ ಕೋಣೆಯೆಲ್ಲ ಕತ್ತಲು, ಆ ಒಂದು ತುಣುಕು ಮಾತ್ರ ಕಣ್ಣು ಕುಕ್ಕುವ ಬೆಳಕು. ದೇವರು ಇಳಿದು ಬರುವುದಾದರೆ ಆ ಕೋಲಿನ ಮೇಲೆಯೇ ಇಳಿಯುತ್ತಾನೆ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ.

ಮನೆಯ ಯಜಮಾನ ಮುತ್ಯಾ; ನಮ್ಮ ಕಡೆ ಅಜ್ಜನನ್ನು ಹಾಗೆ ಕರೆಯುತ್ತೇವೆ, ಅಜ್ಜಿಯನ್ನು ಆಯಿ ಎನ್ನುತ್ತೇವೆ. ಮುತ್ಯಾ ಮುಚ್ಚುವ ಕೆಲಸದಲ್ಲಿ ಊರಿಗೇ ಹೆಸರಾದವನು. ಮಾಳಿಗೆ ಸೋರಿದರೆ ನೀರು ತಡೆಯುವ ಕರಲು ಮಣ್ಣು ತಂದು ತುಳಿದು ಬಿರುಕು ಮುಚ್ಚುವುದು, ಜೋಳ ತುಂಬಿದ ಹಗೇವಿನ ಬಾಯಿಗೆ ಕಲ್ಲು ಚಪ್ಪಡಿ ಹೊಂದಿಸಿ ಮಣ್ಣಿನಿಂದ ಬಿಗಿಯುವುದು, ಇವುಗಳಿಗೆ ಊರವರು ಅವನನ್ನೇ ಕರೆಯುತ್ತಿದ್ದರು. ಹಗೇವು ಎಂದರೆ ಅಂಗಳದಲ್ಲಿ ಆಳುದ್ದ ಅಗೆದ ನೆಲಗಣಜ. ಮುತ್ಯಾ ಮುಚ್ಚಿದ ಹಗೇವಿನೊಳಗೆ ಮಳೆಗಾಲವಿಡೀ ಒಂದು ಹನಿ ಇಳಿಯುತ್ತಿರಲಿಲ್ಲ. ಎತ್ತಿನ ಹೆಗಲು ಹುಣ್ಣಾದರೂ ಅವನ ಔಷಧ ಅದೇ ಬಗೆಯದು: ಸುಣ್ಣ, ಬೆಲ್ಲ, ಅರಿಶಿಣ ಕಲಸಿ ದಪ್ಪಗೆ ಮೆತ್ತುವುದು. ಆಯಿ ಅವನಿಗಿಂತ ಕಠಿಣ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತರೆ, ಅವಳು ಏಳುವವರೆಗೆ ಮನೆಯಲ್ಲಿ ಯಾರೂ ಚಹಾ ಕುಡಿಯುವಂತಿರಲಿಲ್ಲ, ಗಟ್ಟಿಯಾಗಿ ಕೆಮ್ಮುವಂತೆಯೂ ಇರಲಿಲ್ಲ. ಊಟದ ಸರದಿಯನ್ನು ಅವಳೇ ಕಟ್ಟಿದ್ದಳು. ಮೊದಲು ಮುತ್ಯಾ ಮತ್ತು ಅಪ್ಪ, ಆಮೇಲೆ ನಾನು, ಆಮೇಲೆ ಆಯಿ, ಕೊನೆಗೆ ಅವ್ವ ಮತ್ತು ಕಾಕಿ. ಬಿಸಿ ರೊಟ್ಟಿ ಬಡಿದವರೇ ಆರಿದ ರೊಟ್ಟಿ ತಿನ್ನುತ್ತಿದ್ದರು.

ಕಾಕಿ ಎಂದರೆ ಅಪ್ಪನ ತಮ್ಮನ ಹೆಂಡತಿ, ನೀಲವ್ವ. ಸಿಂದಗಿ ತಾಲೂಕಿನ ಯಂಕಂಚಿಯಿಂದ ಮದುವೆಯಾಗಿ ಬಂದವಳು. ಕಾಕಾ ಇಂಡಿ ಪಟ್ಟಣದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕಾಗ ಮಾತ್ರ ಬರುತ್ತಿದ್ದ. ಕಾಕಿ ಮುತ್ಯಾನ ಎದುರಿಗೆ ಬರುತ್ತಿರಲಿಲ್ಲ, ಅವನೊಡನೆ ಮಾತನಾಡುತ್ತಿರಲಿಲ್ಲ. ಹೊಸ ಸೊಸೆಯಂದಿರ ನಡವಳಿಕೆಯೇ ಹಾಗಿತ್ತು. ಅವಳು ಬಂದ ಮೊದಲ ನಾಗರ ಪಂಚಮಿಗೆ ಅವಳ ತಂದೆ ಉಂಡಿಯ, ಅಂದರೆ ಹಬ್ಬದ ಲಾಡುಗಳ, ಬುಟ್ಟಿ ಹೊತ್ತು ಬಂದರು. ಇನ್ನೊಂದು ಕೈಯಲ್ಲಿ ಮುಚ್ಚಳವಿದ್ದ ಚಿಕ್ಕ ಬುಟ್ಟಿ. ಅದನ್ನು ತೆರೆದಾಗ ಒಳಗೆ ಕಂದು ಬಣ್ಣದ, ಬಿಳಿ ಕೊರಳಿನ ಒಂದು ಬೆಕ್ಕಿನ ಮರಿ ಇತ್ತು.

“ನಿಮ್ಮನ್ಯಾಗ ಇಲಿ ಭಾಳ ಆಗ್ಯಾವಂತ ಮಗಳು ಹೇಳಿದ್ಲುರಿ, ಬೀಗತ್ಯಾರ. ಇದರ ತಾಯಿ ನಮ್ಮ ಯಂಕಂಚ್ಯಾಗ ಇಲಿ ಹಿಡಿಯೂದರಾಗ ಹೆಸರಾಗೈತ್ರಿ.”

“ಹೆಸರಾಗಿದ್ರ ತಾಯೀನ ತರಬೇಕಿತ್ತಲ್ರಿ,” ಎಂದಳು ಆಯಿ. “ಎಲ್ಲಾರ ತವರಿಂದ ಉಂಡಿ ಬರ್ತಾವ, ನಮ್ಮ ಸೊಸಿ ತವರಿಂದ ಬೆಕ್ಕ ಬಂದೈತಿ. ಇವತ್ತ ಹಾಲು ನಾಗಪ್ಪಗ ಎರಿಯೂದೋ, ಇದಕ್ಕ ಎರಿಯೂದೋ?”

ಅವರು ನಕ್ಕುಬಿಟ್ಟರು. ಪಂಚಮಿಗೆ ಬಂದುದರಿಂದ ಮರಿಗೆ ಪಂಚಿ ಎಂಬ ಹೆಸರಾಯಿತು. ಆ ವರ್ಷದ ದೀಪಾವಳಿಗೆ ಮುಂಚೆಯೇ ಕಾಕಿಯ ತಂದೆ ಹೊಲದಲ್ಲಿ ಕುಸಿದು ತೀರಿಕೊಂಡರು. ಕಾಕಿ ಹೋಗಿ, ದಿನಕರ್ಮ ಮುಗಿಸಿ, ಮರಳಿ ಬಂದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಪಂಚಿ ಅವಳ ಸೀರೆಯ ನೆರಿಗೆಗೆ ಒತ್ತಿಕೊಂಡು ಕೂರುತ್ತಿತ್ತು. ಕಾಕಿ ಹಿಟ್ಟಿನ ಕೈಯಿಂದಲೇ ಅದರ ತಲೆ ಮುಟ್ಟಿ, ಅಲ್ಲಿ ಬಿಳಿಯ ಗುರುತು ಉಳಿಸುತ್ತಿದ್ದಳು. ತಂದೆ ತನ್ನ ಕೈಯಾರೆ ಕೊಟ್ಟದ್ದರಲ್ಲಿ ಅವಳ ಪಾಲಿಗೆ ಉಳಿದಿದ್ದುದು ಅದೊಂದೇ ಜೀವ ಎಂಬುದು ಮನೆಯವರಿಗೆಲ್ಲ ತಿಳಿದಿತ್ತು. ಯಾರೂ ಅದನ್ನು ಆಡಿ ತೋರಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ, ನನಗೆ ಶಾಲೆಗೆ ರಜೆ ಇದ್ದಾಗ, ಪಂಚಿ ಯಾವುದೋ ಗಂಡು ಬೆಕ್ಕಿನೊಡನೆ ಮಾಳಿಗೆಯ ಮೇಲೆ ಕಾದಾಡಿ ಬಂತು. ಮೊದಲಿಗೆ ಏನೂ ಕಾಣಲಿಲ್ಲ. ಕೆಲವು ದಿನಗಳಲ್ಲಿ ಕೊರಳಿನ ಪಕ್ಕ, ಕಿವಿಯ ಕೆಳಗೆ, ನಿಂಬೆಯ ಗಾತ್ರದ ಬಾವು ಎದ್ದಿತು. ಮುತ್ಯಾ ಉಳ್ಳಾಗಡ್ಡಿ ಸುಟ್ಟು, ಅರಿಶಿಣ ಬೆರೆಸಿ, ಔಡಲ ಎಲೆಯಲ್ಲಿ ಬಿಸಿಯಾಗಿ ಕಟ್ಟಿದ. ಬಾವು ಒಡೆದು ಕೀವು ಹರಿಯಿತು, ಪಂಚಿ ಹಗುರವಾಯಿತು, ಎಲ್ಲರಿಗೂ ಸಮಾಧಾನವಾಯಿತು. ಆಗ ಮುತ್ಯಾ ತನಗೆ ಅತ್ಯಂತ ಚೆನ್ನಾಗಿ ಬರುವ ಕೆಲಸವನ್ನು ಮಾಡಿದ. ಸುಣ್ಣ ಬೆಲ್ಲ ನಯವಾಗಿ ಅರೆದು, ಗಾಯದ ಬಾಯಿಯನ್ನು ಹಗೇವಿನ ಬಾಯಿಯಂತೆ ಅಂದವಾಗಿ ಮುಚ್ಚಿದ. ಮೆತ್ತಿದ್ದು ಒಣಗಿ ಬಿಗಿಯಿತು. ಹೊರಗಿನಿಂದ ನೋಡಿದವರು ಗಾಯ ಮಾಯಿತು ಎಂದೇ ಹೇಳಬೇಕು.

ಒಳಗೆ ಮಾದಿರಲಿಲ್ಲ. ಬಾವು ಮತ್ತೆ ಎದ್ದಿತು, ಈ ಸಲ ದವಡೆಯಿಂದ ಹೆಗಲಿನವರೆಗೆ. ಪಂಚಿ ಹಾಲು ಮೂಸಿ ಮುಖ ತಿರುಗಿಸಿತು. ಮೈ ಕಾದ ಹಂಚಿನಂತೆ ಬಿಸಿಯಾಯಿತು. ಗೋದಲಿಯ ಮೂಲೆ ಸೇರಿ ಕಣ್ಣು ಅರ್ಧ ಮುಚ್ಚಿ ಮಲಗಿಬಿಟ್ಟಿತು. ನಡುಮನೆಯವರೆಗೂ ವಾಸನೆ ಬರತೊಡಗಿತು. ಬೆಕ್ಕು ಮನೆಯೊಳಗೆ ಸತ್ತರೆ ಮನೆಗೆ ಪಾಪ ತಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿತ್ತು. ಒಂದು ಬೆಳಿಗ್ಗೆ ಮುತ್ಯಾ ರೊಟ್ಟಿ ಮುರಿಯುತ್ತ ಅಪ್ಪನಿಗೆ ಹೇಳಿದ.

“ಒಂದ ಚೀಲ ತಗೊಂಡ, ಅದನ್ನ ಹಳ್ಳದ ಆಚಿ ದಂಡಿಗೆ ಬಿಟ್ಟ ಬಾ. ಮನ್ಯಾಗ ಜೀವ ಹೋಗೂದು ಬ್ಯಾಡ.”

ಅಪ್ಪ ತಲೆ ಎತ್ತಲಿಲ್ಲ. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ, ಮುತ್ಯಾನೊಡನೆ ಎಂದೂ ಮಾತನಾಡದ ಕಾಕಿಯ ಧ್ವನಿ ಬಂತು.

“ಒಂದ ಚೀಲ ಸಾಲೂದಿಲ್ರಿ ಮಾವಾರ. ಎರಡ ತರ್ರಿ. ಇನ್ನೊಂದರಾಗ ನನ್ನ ಬಟ್ಟಿ ತುಂಬ್ತೇನಿ. ಅದನ್ನ ಹಳ್ಳಕ್ಕ ಬಿಡ್ರಿ, ನನ್ನ ಯಂಕಂಚಿ ಬಸ್ಸಿಗೆ ಬಿಡ್ರಿ.”

ಮುತ್ಯಾನ ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. ಕಾಕಿ ಹೆದರಿಸಲು ಹಾಗೆ ಹೇಳಿರಲಿಲ್ಲ. ಅವಳ ಟ್ರಂಕಿನ ಮೇಲೆ ಸೀರೆಗಳನ್ನು ಆಗಲೇ ಮಡಿಚಿಟ್ಟಿದ್ದನ್ನು ನಾನು ಕಂಡಿದ್ದೆ. ಹೋದವಳು ಮರಳಿ ಬರುವುದಿಲ್ಲವೆಂದು ಆಯಿಗೂ ಅನ್ನಿಸಿರಬೇಕು. ಅವಳು ಜಪದ ಸರ ಗೂಟಕ್ಕೆ ಹಾಕುತ್ತ ಕೇಳಿದಳು.

“ಬಾಗೇವಾಡಿ ಬಸ್ ಎಷ್ಟೊತ್ತಿಗೈತಿ?”

“ಬಾಗೇವಾಡಿಗೆ ಯಾಕ?” ಎಂದ ಮುತ್ಯಾ.

“ದನದ ದವಾಖಾನಿಗೆ. ಸಾಯೂದಿದ್ರ ಡಾಕ್ಟರ ಕೈಯಾಗ ಸಾಯ್ಲಿ. ಪಾಪ ಅವಂಗ ಹತ್ತತೈತಿ, ನಮಗ ಯಾಕ?”

ಕಾಕಿಯ ಜೊತೆಗೆ ನನ್ನನ್ನು ಕಳುಹಿಸಿದರು. ಪಂಚಮಿಯ ದಿನ ಬಂದಿದ್ದ ಅದೇ ಬುಟ್ಟಿಯಲ್ಲಿ ಹಳೆಯ ಧೋತರ ಹಾಸಿ ಪಂಚಿಯನ್ನು ಮಲಗಿಸಿ, ಕಾಕಿ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಬಸ್ಸಿನಲ್ಲಿ ವಾಸನೆಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಬುಟ್ಟಿಯ ಮುಚ್ಚಳ ಎತ್ತಿ ನೋಡಿ ನಗೆ ತಡೆದುಕೊಂಡ.

“ಯವ್ವಾ, ಬೆಕ್ಕಿಗೆ ದವಾಖಾನಿ ಕಂಡಾಕಿ ನೀನ ಮೊದಲನೇಕಿ. ಇದಕ್ಕ ಪೂರಾ ಟಿಕೆಟ್ ಕೊಡ್ಲೋ, ಅರ್ಧ ಕೊಡ್ಲೋ?”

“ಅದು ಬದುಕಿದ್ರ ಬರೂ ಮುಂದ ಪೂರಾ ತಗಸ್ತೇನ್ರಿ,” ಎಂದಳು ಕಾಕಿ. ಇಳಿಯುವಾಗ ಬುಟ್ಟಿಯನ್ನು ಕಂಡಕ್ಟರನೇ ಕೆಳಗೆ ಇಳಿಸಿಕೊಟ್ಟ.

ದವಾಖಾನೆಯ ಅಂಗಳದಲ್ಲಿ ಎಮ್ಮೆ, ಹೋರಿಗಳ ಸಾಲು. ಡಾಕ್ಟರು ನಮ್ಮ ಸರದಿ ಬಂದಾಗ ಪಂಚಿಯನ್ನು ಮೇಜಿನ ಮೇಲೆ ಮಲಗಿಸಿ, ಕೂದಲು ಬೋಳಿಸಿ, ಚುಚ್ಚುಮದ್ದು ಕೊಟ್ಟು, ಒಣಗಿದ ಸುಣ್ಣದ ಪಟ್ಟನ್ನು ನೆನೆಸಿ ಕಿತ್ತರು. ಅದರ ಹಿಂದೆ ಏನಿತ್ತು ಎಂಬುದನ್ನು ವರ್ಣಿಸುವುದಿಲ್ಲ. ಒಳಗಿನದೆಲ್ಲ ಹೊರಗೆ ಬಂದ ಮೇಲೆ ಅವರು ಗಾಯದ ಕೆಳಭಾಗದಲ್ಲಿ ಇನ್ನೊಂದು ಚಿಕ್ಕ ಬಾಯಿ ಮಾಡಿ, ಮೇಲಿನಿಂದ ನೀರು ಬಿಟ್ಟು ಕೆಳಗಿನಿಂದ ಹರಿಸಿದರು. ಕಾಕಿ ಗೋಡೆ ಹಿಡಿದು ನಿಂತಿದ್ದಳು, ಆದರೆ ಕಣ್ಣು ಮುಚ್ಚಲಿಲ್ಲ.

“ಈ ಬಾಯಿ ಲಗೂನ ಮುಚ್ಚಾಕ ಬಿಡಬ್ಯಾಡ್ರಿ,” ಎಂದರು ಡಾಕ್ಟರು. “ಗಾಯ ತಳದಿಂದ ತುಂಬಿ ಮ್ಯಾಲ ಬರಬೇಕು. ಮುಂಜಾನೆ ಸಂಜಿ ನೀರು ಕುದಿಸಿ ಆರಿಸಿ, ಚೂರು ಉಪ್ಪು ಹಾಕಿ, ಉಗುರು ಬೆಚ್ಚಗಿದ್ದಾಗ ಈ ಪಿಚಕಾರಿಲೆ ತೊಳೀರಿ. ಸುಣ್ಣ, ಫಿನೈಲ್, ಎಣ್ಣಿ ಏನೂ ಹಚ್ಚಬ್ಯಾಡ್ರಿ, ಬೆಕ್ಕು ನೆಕ್ಕಿ ಸಾಯತೈತಿ. ಗುಳಿಗಿ ತಪ್ಪಿಸಬ್ಯಾಡ್ರಿ. ಮತ್ತ ಏನರ ತಿನ್ನಬೇಕು ಅದು. ತತ್ತಿ ಕೊಡ್ರಿ.”

ತತ್ತಿ ಎಂಬ ಶಬ್ದ ಕೇಳಿ ಕಾಕಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮನೆಯ ಹೊಸ್ತಿಲನ್ನು ಅದು ಎಂದೂ ದಾಟಿರಲಿಲ್ಲ.

ಮನೆಗೆ ಬಂದಾಗ ಮುತ್ಯಾ ಬುಟ್ಟಿಯೊಳಗೆ ಬಗ್ಗಿ ನೋಡಿ ಹಿಂದೆ ಸರಿದ. ಬೋಳಾದ ಕೊರಳು, ಅದರಲ್ಲಿ ತೆರೆದ ಕೆಂಪು ತೂತು.

“ಗಾಯ ವಾಸಿ ಮಾಡು ಅಂದ್ರ ಇನ್ನೊಂದ ತೂತು ಮಾಡಿ ಕಳಿಸ್ಯಾನ! ಹಿಂಗ ಬಾಯಿ ಬಿಟ್ಟ ಇಟ್ರ ಹುಳ ಬೀಳ್ತಾವ. ಸುಣ್ಣದ ಡಬ್ಬಿ ತಗೊಂಬಾ.”

ಕಾಕಿ ಬುಟ್ಟಿಗೆ ಅಡ್ಡಲಾಗಿ ನಿಂತಳು, ಆದರೆ ಬೆಳಗಿನ ಧೈರ್ಯ ಬಸ್ಸಿನಲ್ಲಿ ಖರ್ಚಾಗಿತ್ತು; ನನ್ನ ಕಡೆ ತಿರುಗಿದಳು. ನಾನು ಡಾಕ್ಟರು ಹೇಳಿದ್ದನ್ನು ಒಪ್ಪಿಸಿದೆ. ತಳದಿಂದ ತುಂಬಿ ಮೇಲೆ ಬರಬೇಕಂತೆ ಎಂದೆ. ಜಗಲಿಯ ಮುಂದೆ ಕುಳಿತಿದ್ದ ಆಯಿ ಅದನ್ನು ಕೇಳಿಸಿಕೊಂಡಳು. ಆಮೇಲೆ ಮುತ್ಯಾನನ್ನು ಕುರಿತು ಹೇಳಿದ ಮಾತು ನನಗೆ ಇಂದಿಗೂ ಪಾಠದಂತೆ ನೆನಪಿದೆ.

“ಹಗೇವು ತಗದ ಗಳಿಗ್ಯಾಗ ನೀ ಒಳಗ ಇಳೀತೀಯೇನು? ಚಪ್ಪಡಿ ಸರಿಸಿ, ಬಾಯಿ ಬಿಟ್ಟ, ಒಳಗಿನ ಕೆಟ್ಟ ಗಾಳಿ ಹೋಗೂತನಕ ದೂರ ಕುಂಡ್ರತೀ. ಇಳದಾವ ಸಾಯ್ತಾನಂತ ಊರಿಗೆಲ್ಲಾ ಹೇಳಾವ ನೀನ. ಹಂಗಿದ್ದ ಮ್ಯಾಲ ಇದರ ಬಾಯಿ ಯಾಕ ಬಿಗಿಯಾಕ ನಿಂತಿ? ಕಾಳು ಒಣಗಿದ್ರ ಮುಚ್ಚಬೇಕು. ಹಸಿ ಇದ್ರ ಮುಚ್ಚಿದಾವ ಹುಚ್ಚ.”

ಮುತ್ಯಾ ಸುಣ್ಣದ ಡಬ್ಬಿಯನ್ನು ಗೂಡಿನಲ್ಲಿ ಇಟ್ಟು ಹೊರಗೆ ನಡೆದ. ಹಸಿ ಜೋಳದ ಮೇಲೆ ಚಪ್ಪಡಿ ಬಿಗಿದರೆ ಏನಾಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಇರಲಿಲ್ಲ.

ಅಂದು ಸಂಜೆ ಕಾಕಿ ಪಿಚಕಾರಿ ಹಿಡಿದಳು. ಗುರಿ ತಪ್ಪಿ ನೀರೆಲ್ಲ ಪಂಚಿಯ ಕಣ್ಣಿಗೆ ಹೋಯಿತು. “ಕೊಡ ಇಲ್ಲೆ,” ಎಂದು ಆಯಿ ಕೈ ಚಾಚಿದಳು. ಮರುದಿನದಿಂದ ಅದೊಂದು ಕ್ರಮವಾಯಿತು. ಆಯಿ ಪೂಜೆ ಮುಗಿಸಿ ಏಳುವ ಹೊತ್ತಿಗೆ ಬಿಸಿಲಿನ ಕೋಲು ಗೋಡೆಯಿಂದ ಇಳಿದು ನೆಲಕ್ಕೆ ಬಂದಿರುತ್ತಿತ್ತು. ಆ ಬೆಳಕಿನಲ್ಲಿ ಚಾಪೆ ಹಾಸಿ, ಕಾಕಿ ಪಂಚಿಯನ್ನು ಟಾವೆಲಿನಲ್ಲಿ ಕೂಸಿನಂತೆ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು ತೊಡೆಯ ಮೇಲೆ ಹಿಡಿಯುತ್ತಿದ್ದಳು. ಅವ್ವ ಉಪ್ಪು ನೀರಿನ ತಂಬಿಗೆ ತಂದಿಡುತ್ತಿದ್ದಳು. ಆಯಿ ಕೈ ತೊಳೆದು, ಮೊದಲ ಹನಿಗಳನ್ನು ತನ್ನ ಮುಂಗೈ ಮೇಲೆ ಬಿಟ್ಟುಕೊಂಡು ಬಿಸಿ ನೋಡಿ, ಆಮೇಲೆ ಗಾಯಕ್ಕೆ ಬಿಡುತ್ತಿದ್ದಳು. ಗಾಯದ ಒಳಗೆ ಬೆಳಕು ಹೋಗುತ್ತಿರಲಿಲ್ಲವಾದ್ದರಿಂದ ಕಾಕಿಯ ಟ್ರಂಕಿನಲ್ಲಿದ್ದ ಸಣ್ಣ ಕನ್ನಡಿಯನ್ನು ತಂದು ನನ್ನ ಕೈಗೆ ಕೊಟ್ಟರು. ಬಿಸಿಲನ್ನು ಅದರಲ್ಲಿ ಹಿಡಿದು ನಾನು ಗಾಯದೊಳಕ್ಕೆ ತಿರುಗಿಸಬೇಕಾಗಿತ್ತು.

ಕನ್ನಡಿಯ ಬೆಳಕು ಒಳಗೆ ಬಿದ್ದ ಆ ಮೊದಲ ಕ್ಷಣವನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಚರ್ಮದ ಕೆಳಗೆ ಒಂದು ಗವಿ ಇತ್ತು. ಅದರ ಗೋಡೆ ಬೂದು ಬಣ್ಣದ್ದು, ಅಲ್ಲಲ್ಲಿ ಹಳದಿ. ಆಯಿ ಬಿಟ್ಟ ನೀರು ಮೇಲಿನ ಬಾಯಿಯಿಂದ ಇಳಿದು ಆ ಗವಿಯಲ್ಲಿ ಸುತ್ತಿ, ಕೆಳಗಿನ ಬಾಯಿಯಿಂದ ಮಬ್ಬಾಗಿ ಹೊರಬಂದು, ಮತ್ತೆ ಬಿಟ್ಟಾಗ ಕಡಿಮೆ ಮಬ್ಬಾಗಿ, ಕೊನೆಗೆ ಹಾಕಿದಷ್ಟೇ ತಿಳಿಯಾಗಿ ಬಂತು. ಒಂದು ಜೀವದ ಒಳಗನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಸಹ್ಯವಾಗಬೇಕಿತ್ತು, ಆಗಲಿಲ್ಲ. ದೇವರ ಜಗಲಿಯ ಮುಂದೆ ತಲೆಬಾಗಿದಾಗ ಬೆನ್ನಿನಲ್ಲಿ ಆಗುವ ಜುಮ್ಮೆನ್ನುವಿಕೆಯೇ ಆಯಿತು. ಕೆಲವು ದಿನಗಳ ನಂತರ ಬೂದು ಗೋಡೆಯ ಮೇಲೆ ಕೆಂಪು ಚುಕ್ಕೆಗಳು ಕಂಡವು. ಅವು ಹರಡಿ, ಉಬ್ಬಿ, ಒಡೆದ ದಾಳಿಂಬೆಯ ಕಾಳುಗಳ ಹಾಗೆ ಒತ್ತೊತ್ತಾಗಿ ತುಂಬಿಕೊಂಡವು. ಹಿಂದಿನ ಬೆಳಿಗ್ಗೆ ನೋಡಿದ್ದಕ್ಕಿಂತ ಮರುದಿನ ಬೆಳಿಗ್ಗೆ ಗವಿಯ ತಳ ಮೇಲೆ ಬಂದಿರುತ್ತಿತ್ತು. ಒಳಗೆ ಹಿಡಿಸುವ ನೀರು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಹೊಸ ಮಾಂಸವನ್ನು ಅಲ್ಲಿ ಯಾರೂ ಇಟ್ಟಿರಲಿಲ್ಲ. ನಾವು ಮಾಡಿದ್ದು ತೊಳೆದದ್ದು ಮಾತ್ರ. ಉಳಿದುದನ್ನು ಕತ್ತಲಿನಲ್ಲಿ, ನಾವು ನೋಡದಿರುವಾಗ, ಆ ಪುಟ್ಟ ದೇಹ ತಾನೇ ಮಾಡಿಕೊಳ್ಳುತ್ತಿತ್ತು. ಈಗ ಅದರ ಕಾರಣಗಳನ್ನು ನಾನು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ವಿವರಿಸಿದ ಮೇಲೂ ಬೆರಗು ಕಡಿಮೆಯಾಗಿಲ್ಲ.

ಅಷ್ಟೇ ಬೆರಗು ನನಗೆ ಆಯಿಯ ಬಗ್ಗೆಯೂ ಆಯಿತು. ನಮ್ಮಲ್ಲಿ ಯಾರನ್ನೂ ಮುದ್ದಿನಿಂದ ಮಾತನಾಡಿಸದ ಹೆಂಗಸು, ಪಿಚಕಾರಿ ಹಿಡಿದಾಗ ಬೇರೆಯೇ ಧ್ವನಿಯಲ್ಲಿ ಮಾತನಾಡುತ್ತಿದ್ದಳು.

“ಆತವ್ವಾ, ಆತು. ಇನ್ನೊಂದ ಸ್ವಲ್ಪ. ನನ್ನ ಶಾಣ್ಯಾ ಕೂಸು. ಯಂಕಂಚಿ ಹೆಣ್ಣಲ್ಲೇನು, ಗಟ್ಟಿ ಇರಬೇಕು.”

ಕಾಕಿ ತಲೆ ತಗ್ಗಿಸಿದ್ದಳು. ಆ ಮಾತಿನ ಕೊನೆಯ ಭಾಗ ಬೆಕ್ಕಿಗಷ್ಟೇ ಹೇಳಿದ್ದಲ್ಲವೆಂದು ಅವಳಿಗೆ ಅನ್ನಿಸಿರಬೇಕು. ಅವಳ ಕಣ್ಣಿನಿಂದ ಒಂದು ಹನಿ ಟಾವೆಲಿನ ಮೇಲೆ ಬಿತ್ತು. ಪಂಚಿಯಂತೂ ನೋವಿನ ನಡುವೆಯೂ ಗುರುಗುಡುತ್ತಿತ್ತು. ಆ ಸದ್ದು ಕಾಕಿಯ ತೊಡೆಯ ಮೂಲಕ ಚಾಪೆಗೆ ಇಳಿದು ನನ್ನ ಮೊಣಕಾಲಿಗೂ ತಾಗುತ್ತಿತ್ತು.

ಇನ್ನು ಅದರ ಊಟದ ಪ್ರಶ್ನೆ. ಹಾಲು, ರೊಟ್ಟಿಯ ಚೂರು, ಬೆಣ್ಣೆ, ಯಾವುದಕ್ಕೂ ಪಂಚಿ ಬಾಯಿ ತೆರೆಯಲಿಲ್ಲ. ತತ್ತಿಯ ಮಾತನ್ನು ಕೊನೆಗೆ ನಾನೇ ಹೊರಗೆ ಹಾಕಿದೆ. ಆಯಿ ಕಿವಿ ಮುಚ್ಚಿಕೊಂಡಳು. ಆಗ, ಯಾರೂ ನಿರೀಕ್ಷಿಸದಂತೆ, ಪಡಸಾಲೆಯಿಂದ ಮುತ್ಯಾ ಮಾತನಾಡಿದ.

“ಇಲಿ ತಿಂದ ಬಾಯೀಲೆ ದಿನಾ ಜಗಲಿ ಮುಂದ ಬಂದ ಮಕ್ಕೋತೈತಿ. ಅವಾಗ ದೇವರು ಎದ್ದ ಹೋಗ್ಯಾನೇನು? ತತ್ತಿ ತಿಂದ್ರ ಹೋಗಾವಲ್ಲ ತಗೋ.”

ಹಿಂದಿನ ಓಣಿಯ ಮನೆಯೊಂದರಲ್ಲಿ ತತ್ತಿ ಬೇಯಿಸಿ, ಸುಲಿದು, ಎಲೆಯಲ್ಲಿ ಮುಚ್ಚಿ ಮುತ್ಯಾ ತಾನೇ ತಂದ. ದನದ ಅಂಕಣದ ಮೂಲೆಯಲ್ಲಿ ಕುಳಿತು ಬೆರಳಿನಿಂದ ಪುಡಿ ಮಾಡಿ ಪಂಚಿಯ ಮುಂದೆ ಹಿಡಿದ. ಪಂಚಿ ಮೂಸಿತು, ನೆಕ್ಕಿತು, ತಿಂದಿತು. ಮುತ್ಯಾ ಅದರ ಎದುರಿನಲ್ಲಿ ಕುಕ್ಕುರುಗಾಲಿನಲ್ಲಿ ಬಹಳ ಹೊತ್ತು ಕುಳಿತಿದ್ದ. ಆಮೇಲೆ ಬಾವಿಯ ಬಳಿ ಕೈ ತೊಳೆದು ಒಳಗೆ ಬಂದ.

ಎಲ್ಲವೂ ನೇರವಾಗಿ ಸಾಗಿತೆಂದು ಬರೆದರೆ ತಪ್ಪಾದೀತು. ಒಂದು ಬೆಳಿಗ್ಗೆ ಮೇಲಿನ ಬಾಯಿ ಹಕ್ಕಳೆಗಟ್ಟಿ ಮುಚ್ಚಿಕೊಂಡಿತ್ತು, ಒತ್ತಿದರೆ ಅದರ ಹಿಂದೆ ಮೆತ್ತಗಿತ್ತು. ಮತ್ತೆ ತೆರೆಯಬೇಕಾಗಿತ್ತು. ಬಿಸಿ ನೀರಿನ ಬಟ್ಟೆಯನ್ನು ಬಹಳ ಹೊತ್ತು ಇಟ್ಟು, ಹಕ್ಕಳೆ ನೆನೆದ ಮೇಲೆ ಆಯಿ ಅದನ್ನು ಬಿಡಿಸಿದಳು. ಪಂಚಿ ನೋವು ತಾಳದೆ ಟಾವೆಲಿನಿಂದ ಹೊರಚಿಮ್ಮಿ ಆಯಿಯ ಹೆಬ್ಬೆರಳನ್ನು ಕಚ್ಚಿತು. ಹಲ್ಲು ಆಳಕ್ಕೆ ಇಳಿದವು. ಕಾಕಿ ಚೀರಿದಳು. ಆಯಿ ಕೈ ಕಸಿದುಕೊಳ್ಳಲಿಲ್ಲ.

“ಕಚ್ಚಲಿ ಬಿಡ. ಕಚ್ಚೂವಷ್ಟು ಕಸುವು ಬಂದೈತಿ ಅಂತ ಗೊತ್ತಾತು. ನೀ ಕನ್ನಡಿ ಸರಿಯಾಗಿ ಹಿಡಿ.”

ಗಾಯ ತೊಳೆದು ಮುಗಿದ ಮೇಲೆ ಕಾಕಿ ಆಯಿಯ ಹೆಬ್ಬೆರಳನ್ನು ಸಾಬೂನು ನೀರಿನಲ್ಲಿ ತೊಳೆದಳು. ಊರಿನ ನರ್ಸಮ್ಮ ಬಂದು ಚುಚ್ಚುಮದ್ದು ಕೊಟ್ಟು ಹೋದರು.

ಕಾರಹುಣ್ಣಿಮೆಯ ಹೊತ್ತಿಗೆ ಪಂಚಿಯ ಗವಿ ತುಂಬಿ ನೆಲಕ್ಕೆ ಸಮನಾಯಿತು. ಕೆಂಪು ಕಾಳುಗಳ ಮೇಲೆ ಅಂಚಿನಿಂದ ತೆಳುವಾದ ಹೊಸ ಚರ್ಮ ನಡುವಿಗೆ ಹರಿದುಬಂದು, ಎರಡು ಕಡೆಯಿಂದಲೂ ಕೂಡಿಕೊಂಡಿತು. ಅದರ ಮೇಲೆ ಬಿಳಿಯ ಕೂದಲು, ಗರಿಕೆ ಚಿಗುರಿದಂತೆ, ಮೊಳೆಯತೊಡಗಿತು. 'ಇನ್ನು ತೊಳೀಬ್ಯಾಡ್ರಿ' ಎಂದು ಡಾಕ್ಟರು ಹೇಳಿ ಕಳುಹಿಸಿದರು. ಪಂಚಿ ಅಂಗಳದ ಗೋಡೆಯ ಮೇಲಿನಿಂದ ಮಾಳಿಗೆಗೆ ಜಿಗಿದ ದಿನ ಕಾಕಿ ತನ್ನ ಸೀರೆಗಳನ್ನು ಟ್ರಂಕಿನೊಳಗೆ ಇಟ್ಟು ಮುಚ್ಚಳ ಹಾಕಿದಳು.

ಆದರೂ ಮರುದಿನ ಬೆಳಿಗ್ಗೆ, ಪೂಜೆ ಮುಗಿದ ಹೊತ್ತಿಗೆ, ರೂಢಿಯ ಬಲದಿಂದ ನಾವು ಮೂವರೂ ಆ ಬೆಳಕಿನ ತುಣುಕಿಗೆ ಬಂದು ಕುಳಿತೆವು. ಮಾಡಲು ಕೆಲಸವಿರಲಿಲ್ಲ. ಕಾಕಿಯ ಕಣ್ಣು ಆಯಿಯ ಹೆಬ್ಬೆರಳಿನ ಮೇಲೆ ಹೋಯಿತು. ಹಲ್ಲು ಇಳಿದ ಜಾಗ ಇನ್ನೂ ಹಸಿಯಾಗಿತ್ತು, ಸುತ್ತಲೂ ಕಪ್ಪಗಾಗಿತ್ತು.

“ಅತ್ತೀ, ಅಷ್ಟ ದೊಡ್ಡ ಗಾಯ ಬೆಕ್ಕಿಗೆ ತುಂಬಿ ಬಂತು. ಇಷ್ಟ ಸಣ್ಣದು ನಿಮಗ ಯಾಕ ತುಂಬವಲ್ದು?”

ಆಯಿ ಬೆಳಕಿಂಡಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಹೊರಗೆ ಹೋಗು ಎನ್ನುತ್ತಾಳೆ ಎಂದುಕೊಂಡೆ, ಅನ್ನಲಿಲ್ಲ. ಬಲಗಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿ, ಸೀರೆಯ ಅಂಚನ್ನು ಮೇಲೆ ಸರಿಸಿದಳು. ಪಾದಕ್ಕೆ ಹಳೆಯ ಅರಿವೆ ಸುತ್ತಿತ್ತು. ಕಾಕಿ ಅದನ್ನು ಬಿಚ್ಚಿದಾಗ ಕಿರುಬೆರಳಿನ ಕೆಳಗೆ, ಒಣಗಿ ಬಿಗಿದ ಸುಣ್ಣದ ಪಟ್ಟು ಕಂಡಿತು. ಆ ವಾಸನೆ ನಮ್ಮಿಬ್ಬರಿಗೂ ಗುರುತಿದ್ದದ್ದೇ.

“ಇದೂ ತುಂಬವಲ್ದು, ನೀಲಾ,” ಎಂದಳು ಆಯಿ. “ಹ್ವಾದ ವರ್ಷದ್ದು. ಯಾರಿಗೂ ತೋರ್ಸಿಲ್ಲ. ಈ ಮನ್ಯಾಗ ನಾ ಮಲಗಿದ್ರ ನಡೀತೈತೇನು? ಮುಚ್ಚಿಕೋತ ಬಂದೆ. ನೀ ಒಮ್ಮಿ ನೋಡ.”

ಅತ್ತೆಯ ಕಾಲಿಗೆ ನಮಸ್ಕರಿಸುವಾಗ ಬಿಟ್ಟರೆ ಕಾಕಿ ಆ ಪಾದವನ್ನು ಮುಟ್ಟಿರಲಿಲ್ಲ. ಈಗ ಅದನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವ್ವನನ್ನು ಕರೆದು ಬಿಸಿ ನೀರು ತರಲು ಹೇಳಿದಳು. ನಾನು ಕೇಳದೆಯೇ ಕನ್ನಡಿ ತಂದೆ. ಮನೆಯನ್ನೆಲ್ಲ ಹೆದರಿಸಿದ ಆ ಹೆಂಗಸು ಬೆಳಕಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಅವಳ ಮುಖದ ಮೇಲೆ ಭಯವಿತ್ತು, ಅದರ ಜೊತೆಗೆ, ಹೊತ್ತ ಭಾರ ಇಳಿಸಿದವರ ಮುಖದಲ್ಲಿ ಕಾಣುವ ಸಡಿಲವೂ ಇತ್ತು. ಒಂದು ಬೆಕ್ಕು ವಾಸಿಯಾದದ್ದನ್ನು ನೋಡಿ ಒಬ್ಬ ಹೆಂಗಸು ತಾನೂ ವಾಸಿಯಾಗಬಹುದೆಂದು ನಂಬಿದಳು. ಅದಕ್ಕಿಂತ ದೊಡ್ಡದನ್ನು ನಾನು ಆಮೇಲೆ ಯಾವ ಪುಸ್ತಕದಲ್ಲಿಯೂ ಓದಿಲ್ಲ. ಅಂದೇ ಕಾಕಿ ಅವಳನ್ನು ಬಾಗೇವಾಡಿಯ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಂದ ವಿಜಯಪುರಕ್ಕೆ ಕಳುಹಿಸಿದರು.

ಆ ಬಳಿಕ ನಮ್ಮ ಕುಟುಂಬದಲ್ಲಿ ಏನು ಬದಲಾಯಿತೆಂಬುದನ್ನು ನೇರವಾಗಿ ಹೇಳುತ್ತೇನೆ. ಆಯಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಇನ್ನೂ ಬಹಳ ವರ್ಷ ಅವಳು ಅದೇ ಕಾಲಿನ ಮೇಲೆ ನಡೆದಾಡಿದಳು. ಅವಳ ಚಹಾಕ್ಕೆ ಬೆಲ್ಲ ಹಾಕುವುದು ನಿಂತಿತು. ದಿನಾ ಕಾಲು ತೊಳೆದು ಕಟ್ಟುವುದರಲ್ಲಿ ಹೊತ್ತಾಗುತ್ತಿದ್ದುದರಿಂದ ಆಯಿ, ಅವ್ವ, ಕಾಕಿ ಮೂವರೂ ಒಟ್ಟಿಗೆ ಊಟಕ್ಕೆ ಕೂರತೊಡಗಿದರು. ಹಳೆಯ ಸರದಿ ಮತ್ತೆ ಬರಲಿಲ್ಲ. ಮುತ್ಯಾ ಎತ್ತುಗಳ ಹುಣ್ಣಿಗೆ ಸುಣ್ಣ ಮೆತ್ತುವುದನ್ನು ಬಿಟ್ಟ. ಮೈಯ ನೋವನ್ನು ಮುಚ್ಚಿಟ್ಟುಕೊಳ್ಳುವುದು ನಮ್ಮ ಮನೆಯ ಹೆಂಗಸರ ರೂಢಿಯಾಗಿತ್ತು. ಅದು ಅಲ್ಲಿಗೆ ಮುಗಿಯಿತು. ಆ ಮಳೆಗಾಲದ ಒಂದು ಬೆಳಿಗ್ಗೆ ಅವ್ವ ಎಲ್ಲರ ಎದುರಿಗೆ, ತನ್ನ ಮದುವೆಯಾದಂದಿನಿಂದ ಮೊದಲ ಸಲ, ಬೆನ್ನು ನೋಯುತ್ತದೆ ಎಂದು ಹೇಳಿದಳು. ಅಂದು ಅವಳ ಬದಲಿಗೆ ಬಾವಿಯಿಂದ ನೀರು ತಂದವನು ಅಪ್ಪ.